ಓದಿ, ಒಂದು ಕಳೆ

ಬ್ಯಾಂಡ್ ಮಾಸ್ತರರು ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಗುಂಡಿಗಳನ್ನೆಲ್ಲ ಹಾಕಿಕೊಂಡು, ಎದೆ ತುಂಬ ಉಸಿರೆಳೆದು, ಇಲ್ಲದ ತುತ್ತೂರಿಯನ್ನು ತುಟಿಗೆ ಹಿಡಿದಂತೆ ಕೈ ಎತ್ತಿದರು. ಮೂರನೆಯ ಗುಂಡಿ ಹಾರಿ ಕನ್ನಡಿಗೆ ಬಡಿದು ಟಣ್ ಎಂದಿತು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಎರಡನೆಯ ಗುಂಡಿಯೂ ಹಾರಿದಾಗ ಯಾರೂ ನಗಲಿಲ್ಲ.

“ಏನು ಮಾಸ್ತರೇ, ಈ ತಿಂಗಳು ಊಟ ಸ್ವಲ್ಪ ಜೋರಾ?” ಎಂದೆ. ಅವರೂ ನನ್ನನ್ನು ಮಾಸ್ತರೇ ಎಂದೇ ಕರೆಯುವುದು. ಅವರು ಬ್ಯಾಂಡಿಗೆ ಮಾಸ್ತರು, ನಾನು ಬಟ್ಟೆ ಕಟಿಂಗಿಗೆ.

“ಹೊಟ್ಟೆ ವಿಷಯ ಬಿಡಿ, ತೋಳು ನೋಡಿ,” ಎಂದು ಅವರು ಕೈ ಮುಂದೆ ಚಾಚಿದರು. ಮಣಿಕಟ್ಟಿನ ಗಂಟು ಹೊರಗೆ ಇಣುಕುತ್ತಿತ್ತು. ಎಷ್ಟು ಉಂಡರೂ ಯಾರ ಕೈಯೂ ಉದ್ದವಾಗುವುದಿಲ್ಲ.

ಅವರ ಜೊತೆ ಬಂದಿದ್ದ ಡ್ರಮ್ಮಿನವನಿಗೂ ಅವನ ಕೋಟು ತೊಡಿಸಿ ನೋಡಿದೆವು. ಅವನದೂ ಅದೇ ಕಥೆ. ನನ್ನ ಮಗ ಇಬ್ಬರ ತೋಳಿನ ಹತ್ತಿರವೂ ಹೆಬ್ಬೆರಳಿನ ಗಿಣ್ಣು ಇಟ್ಟು ನೋಡಿ, “ಕರೆಕ್ಟಾಗಿ ಒಂದೊಂದು ಇಂಚು ಕಮ್ಮಿ,” ಎಂದ. ಗೋಡೆಯ ಕಂಬಿಗೆ ಇನ್ನೂ ಇಪ್ಪತ್ತು ಕೋಟುಗಳು ಇಸ್ತ್ರಿಯಾಗಿ ತೂಗುತ್ತಿದ್ದವು. ಬಟ್ಟೆ ಬ್ಯಾಂಡಿನವರೇ ತಂದು ಕೊಟ್ಟದ್ದು, ಅದೇ ಬಣ್ಣ ಇನ್ನೊಮ್ಮೆ ಸಿಗುವುದಿಲ್ಲ. ಹೊಲಿಗೆ ಬಿಚ್ಚಿ ಸಡಿಲ ಮಾಡೋಣವೆಂದರೆ ಒಳಹೊಲಿಗೆಯಲ್ಲಿ ಬಟ್ಟೆ ಉಳಿದಿರಲಿಲ್ಲ, ಅಷ್ಟು ಬಿಗಿಯಾಗಿ ಹೊಂದಿಸಿ ಕತ್ತರಿಸಿದ್ದೆವು. ಇನ್ನು ಹತ್ತು ದಿನಕ್ಕೆ ಅವರು ಮೈದಾನದಲ್ಲಿ ಈ ಕೋಟು ತೊಟ್ಟು ನುಡಿಸಬೇಕು.

ಮಗ ಕತ್ತರಿಸುವ ಮೇಜಿನ ಕಡೆ ತಿರುಗಿ, ಅಲ್ಲಿ ನಿಂತಿದ್ದ ತನ್ನ ಹೆಂಡತಿಯನ್ನು ಕೇಳಿದ: “ಅವತ್ತು ಮೇಜಿನ ಮೇಲೆ ಯಾವ ಟೇಪ್ ಇತ್ತು?”

ಈ ಪ್ರಶ್ನೆ ಅರ್ಥವಾಗಬೇಕಾದರೆ ನಮ್ಮ ಟೇಪಿನ ಪುರಾಣ ಹೇಳಬೇಕು. ನನ್ನ ಹಳೆಯ ಟೇಪಿನ ತುದಿ ಸವೆದು ಎಳೆ ಎಳೆಯಾಗಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಸಿಟ್ಟು ಬಂದು ಮೊದಲ ಇಂಚನ್ನೇ ಕತ್ತರಿಸಿ ಬಿಸಾಕಿದೆ. ಅಂದಿನಿಂದ ಅದು ಸೊನ್ನೆಯಿಂದಲ್ಲ, ಒಂದರಿಂದ ಶುರು. ಮೈಯಳತೆ ತೆಗೆಯುವಾಗ ಬಂದ ಅಂಕಿಯಲ್ಲಿ ಒಂದು ಕಳೆಯಬೇಕು, ಬಟ್ಟೆಯ ಮೇಲೆ ಗುರುತು ಹಾಕುವಾಗ ಒಂದು ಕೂಡಿಸಬೇಕು. ಹೊಸ ಟೇಪು ತೆಗೆದುಕೊಳ್ಳಿ ಎಂದು ಹೇಳಿದವರಿಗೆಲ್ಲ, “ಟೇಪಿಗೆ ಹಲ್ಲು ಬಿದ್ದಿದೆ, ನನಗೆ ಬಿದ್ದಿಲ್ಲ,” ಎಂದು ಉತ್ತರ ಕೊಟ್ಟು ಮೆರೆದಿದ್ದೇನೆ. “ಓದಿ, ಒಂದು ಕಳೆ” ಎಂಬುದು ನಮ್ಮ ಅಂಗಡಿಯ ಮಂತ್ರ. ಸೊಸೆ ಕೆಲಸ ಕಲಿಯಲು ಬಂದಾಗ ನಾನು ಹೇಳಿಕೊಟ್ಟ ಮೊದಲ ಪಾಠವೂ ಅದೇ. ಹೀಗಿರುವಾಗ ಎರಡು ತಿಂಗಳ ಹಿಂದೆ ಅವಳು ತಾನೇ ಒಂದು ಹೊಸ ಟೇಪು ತಂದಳು. ಸೊನ್ನೆಯಿಂದ ಶುರುವಾಗುವ, ಹಳದಿ ಬಣ್ಣದ, ಎಲ್ಲ ಹಲ್ಲೂ ಇರುವ ಟೇಪು. ಅಂಗಡಿಯಲ್ಲಿ ಎರಡೂ ಓಡಾಡುತ್ತಿದ್ದವು.

ಆದ್ದರಿಂದ ಮಗನ ಲೆಕ್ಕ ಸರಳವಾಗಿತ್ತು. ಕತ್ತರಿಸುವ ದಿನ ಅವಳ ಕೈಗೆ ಹಳೆಯ ಟೇಪು ಸಿಕ್ಕಿದೆ, ಹೊಸದೆಂದುಕೊಂಡು ಒಂದು ಕೂಡಿಸುವುದನ್ನು ಬಿಟ್ಟಿದ್ದಾಳೆ. ಎಲ್ಲೆಲ್ಲೂ ಒಂದಿಂಚು ಮಾಯ.

ಸೊಸೆಯ ಮುಖ ಬಿಳಿಚಿಕೊಂಡಿತು. “ಎರಡೂ ಇತ್ತು ಅನ್ಸುತ್ತೆ,” ಎಂದಳು. “ನಾನು ಹೊಸದರಲ್ಲೇ ಮಾರ್ಕ್ ಮಾಡಿದೆ ಅಂತ... ಇಲ್ಲ, ನನಗೆ ಸರಿಯಾಗಿ ನೆನಪಾಗ್ತಿಲ್ಲ.”

“ನಾನು ನೋಡ್ತೀನಿ ಇರಿ,” ಎಂದೆ. ಅಳತೆ ಪುಸ್ತಕ, ಬ್ಯಾಂಡ್ ಮಾಸ್ತರರ ಕೋಟು, ಹೊಸ ಟೇಪು ಮೂರನ್ನೂ ಎತ್ತಿಕೊಂಡು ಟ್ರಯಲ್ ರೂಮಿನ ಪರದೆಯ ಹಿಂದೆ ಹೋದೆ. ಅಲ್ಲಿ ಬೆಳಕು ಚೆನ್ನಾಗಿದೆ ಎಂಬುದು ನೆಪ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನನ್ನನ್ನು ಯಾರೂ ಏನೂ ಅಂದಿರಲಿಲ್ಲ, ಆದರೂ ಹೆಗಲು ಮುಟ್ಟಿಕೊಳ್ಳಲು ಒಳಗೆ ಹೋದೆ.

ಕೋಟಿನ ತೋಳನ್ನು ಹೊಸ ಟೇಪಿನಲ್ಲಿ ಅಳೆದೆ. ಇಪ್ಪತ್ತಮೂರು. ಪುಸ್ತಕ ತೆರೆದೆ. ಸೊಸೆಯ ದುಂಡನೆಯ ಅಕ್ಷರದಲ್ಲಿ, ತೋಳು ಇಪ್ಪತ್ತಮೂರು. ಅವಳು ಪುಸ್ತಕದಲ್ಲಿ ಇದ್ದುದನ್ನು ಇದ್ದ ಹಾಗೆಯೇ ಕತ್ತರಿಸಿದ್ದಳು. ಒಂದು ನೂಲೂ ಆಚೀಚೆ ಆಗಿರಲಿಲ್ಲ.

ಪುಸ್ತಕವೇ ತಪ್ಪು. ಪುಸ್ತಕ ಬರೆದವಳು ಅವಳು, ಅಂಕಿ ಕೂಗಿದವನು ನಾನು.

ಆ ದಿನ ಬ್ಯಾಂಡಿನ ಇಪ್ಪತ್ತೆರಡು ಜನ ಒಟ್ಟಿಗೆ ಬಂದಿದ್ದರು. ಅವಳೇ ಹೊಸ ಟೇಪನ್ನು ನನ್ನ ಕೊರಳಿಗೆ ಹಾಕಿ, “ಇವತ್ತು ಇದರಲ್ಲೇ ತೆಗೀರಿ ಮಾವ, ಬೇಗ ಆಗುತ್ತೆ,” ಅಂದಿದ್ದಳು. ನಾನು ಸಾಲಾಗಿ ಅಳೆಯುತ್ತಾ, ತಮಾಷೆ ಮಾಡುತ್ತಾ, ಕೂಗುತ್ತಾ ಹೋದೆ. ಓದಿದೆ, ಒಂದು ಕಳೆದೆ, ಕೂಗಿದೆ. ಓದಿದೆ, ಒಂದು ಕಳೆದೆ, ಕೂಗಿದೆ. ಇಪ್ಪತ್ತೆರಡು ಜನರ ಎದೆ, ಸೊಂಟ, ತೋಳು, ಬೆನ್ನು. ಹನ್ನೊಂದು ವರ್ಷದ ಅಭ್ಯಾಸ ನನ್ನ ಬಾಯಿಯಲ್ಲಿ ಕೂತು ತನ್ನ ಪಾಡಿಗೆ ಕೆಲಸ ಮಾಡಿಕೊಂಡು ಹೋಗಿತ್ತು.

ಪರದೆಯ ಹಿಂದೆ ಎಷ್ಟು ಹೊತ್ತು ನಿಂತಿದ್ದೆನೋ. ಮಗ ಹೊರಗಿನಿಂದ, “ಏನಾಯ್ತಪ್ಪಾ?” ಎಂದ. ನಾನು ಪುಸ್ತಕ ಮುಚ್ಚಿ ಹೊರಗೆ ಬಂದೆ. ಐದು ಮುಖಗಳು ನನ್ನನ್ನೇ ನೋಡುತ್ತಿದ್ದವು. ಮಗ, ಸೊಸೆ, ಬ್ಯಾಂಡ್ ಮಾಸ್ತರು, ಡ್ರಮ್ಮಿನವನು, ಮೂಲೆಯ ಸ್ಟೂಲಿನ ಮೇಲೆ ಗುಂಡಿ ಅಕ್ಕ. ಗುಂಡಿ ಹೊಲಿಯುವುದರಲ್ಲೇ ಇಪ್ಪತ್ತು ವರ್ಷ ಸವೆಸಿದ್ದರಿಂದ ಅವಳಿಗೆ ಆ ಹೆಸರು.

ಬಾಯಿ ತೆರೆದೆ. ಹೇಳಲೆಂದೇ ತೆರೆದೆ, ಇದನ್ನು ನಂಬಿ. ಆದರೆ ಹೊರಗೆ ಬಂದದ್ದು ಬೇರೆ.

“ಹೋಗಲಿ ಬಿಡಿ,” ಎಂದೆ. “ಕೈತಪ್ಪು ಮನುಷ್ಯರಿಗಲ್ಲದೆ ಕತ್ತರಿಗೆ ಆಗುತ್ತಾ? ಅವಳನ್ನ ಯಾರೂ ಏನೂ ಅನ್ನಕೂಡದು.”

ನೋಡಿ, ಈ ಮಾತಿನಲ್ಲಿ ಒಂದೆಳೆ ಸುಳ್ಳೂ ಇಲ್ಲ. ಕೋರ್ಟಿನಲ್ಲಿ ನಿಂತು ಹೇಳಿದರೂ ಸಿಕ್ಕಿಬೀಳುವುದಿಲ್ಲ. ಅಷ್ಟು ನಾಜೂಕಾಗಿ ಕತ್ತರಿಸಿದ್ದೆ ಆ ಮಾತನ್ನು.

ಬ್ಯಾಂಡ್ ಮಾಸ್ತರರು ನನ್ನ ಕೈ ಹಿಡಿದುಕೊಂಡರು. “ನಾನಾಗಿದ್ರೆ ಕೂಗಾಡಿಬಿಡ್ತಿದ್ದೆ. ಎಂಥಾ ದೊಡ್ಡ ಮನಸ್ಸು ಮಾಸ್ತರೇ ನಿಮ್ಮದು!” ಎಂದರು. ಗುಂಡಿ ಅಕ್ಕ ಹಲ್ಲಿನಲ್ಲಿ ದಾರ ಕಡಿದು, “ಮಾಗಿದ ಜೀವ ಅಂದ್ರೆ ಇದು,” ಎಂದಳು. “ಮೊದಲು ಹೀಗಿರಲಿಲ್ಲ ಅಣ್ಣ. ಮೊದಲಾಗಿದ್ರೆ ಕತ್ತರಿ ತಗೊಂಡು ಎಸೀತಿದ್ರು.”

ಸೊಸೆ ಕಣ್ಣು ತುಂಬಿಕೊಂಡು ನನ್ನ ಕಡೆ ಒಮ್ಮೆ ತಲೆಬಾಗಿ, ದೊಡ್ಡ ಕತ್ತರಿಯನ್ನು ಒರೆಸಿ ಡ್ರಾಯರಿನಲ್ಲಿ ಇಟ್ಟಳು. ಆ ಡ್ರಾಯರು ಮುಚ್ಚಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಗುಂಡಿ ಅಕ್ಕ ಹೇಳಿದ್ದರಲ್ಲಿ ಸ್ವಲ್ಪ ನಿಜ ಇತ್ತು. ಐವತ್ತರಲ್ಲೂ ನಾನು ಕೆಂಡದ ಉಂಡೆಯಾಗಿದ್ದೆ. ಈಗ ಅರವತ್ತೊಂಬತ್ತು. ಕೂದಲು ಹಣ್ಣಾಗಿದೆ, ಮಾತು ಮೆತ್ತಗಾಗಿದೆ, ಗಿರಾಕಿಗಳು ಮಕ್ಕಳ ಮದುವೆಗೂ ಅಣ್ಣತಮ್ಮಂದಿರ ಜಗಳಕ್ಕೂ ನನ್ನ ಹತ್ತಿರ ಬುದ್ಧಿ ಕೇಳುತ್ತಾರೆ. ಕೋಪ ಎಲ್ಲಿಗೂ ಹೋಗಿಲ್ಲ. ಮಂಡಿ ನೋವಿಗೆ ಎದ್ದು ಹೋಗಿ ಬೈಯಲು ಬೇಸರ, ಕೂತಲ್ಲೇ ನಗುತ್ತೇನೆ, ಅದನ್ನು ಜನ ತಾಳ್ಮೆ ಎನ್ನುತ್ತಾರೆ. ಹಣ್ಣು ಮಾಗುವಾಗಲೂ ಮೆತ್ತಗಾಗುತ್ತದೆ, ಕೊಳೆಯುವಾಗಲೂ ಮೆತ್ತಗಾಗುತ್ತದೆ. ಹೊರಗಿನಿಂದ ಒತ್ತಿ ನೋಡುವವರಿಗೆ ಎರಡೂ ಒಂದೇ.

ಹಾಗಾದರೆ ಹೇಳಿಬಿಡಲು ಏನು ಕಷ್ಟವಾಗಿತ್ತು? ನನಗೆ ಕ್ಷೌರದಂಗಡಿಯ ಒಬ್ಬ ಗೆಳೆಯನಿದ್ದಾನೆ. ಹೋದ ವರ್ಷ ಅವನ ಕೈಯಿಂದ ಒಬ್ಬರ ಕಿವಿಗೆ ಸಣ್ಣ ಗಾಯವಾಯಿತು, ರಕ್ತ ಅರ್ಧ ಚಮಚವೂ ಬಂದಿರಲಿಕ್ಕಿಲ್ಲ. ಮಕ್ಕಳು ಒಂದು ಮಾತೂ ಬೈಯಲಿಲ್ಲ. “ಸಾಕಪ್ಪ, ಎಷ್ಟು ವರ್ಷ ದುಡೀತೀಯ,” ಎಂದು ಪ್ರೀತಿಯಿಂದ ಕತ್ತಿ ಇಸಿದುಕೊಂಡು, ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದರು. ಈಗ ಅವನು ಬಂದವರಿಗೆ ಬನ್ನಿ ಎನ್ನುತ್ತಾನೆ, ಹೋಗುವವರಿಗೆ ಹೋಗಿಬನ್ನಿ ಎನ್ನುತ್ತಾನೆ. ನಡುವೆ ಪೇಪರು ಓದುತ್ತಾನೆ. ಬೈಗುಳಕ್ಕೆ ನಾನು ಹೆದರುವವನಲ್ಲ. ಆ ಕುರ್ಚಿಗೆ ಹೆದರುತ್ತೇನೆ.

ಮರುದಿನ ಶುಕ್ರವಾರ. ಅಂಗಡಿಗೆ ಹೋಗುವ ದಾರಿಯಲ್ಲಿ ಕನ್ನಡಕದ ಅಂಗಡಿಯವನು ನಿಲ್ಲಿಸಿ, “ಸೊಸೆ ಅಷ್ಟು ದೊಡ್ಡ ನಷ್ಟ ಮಾಡಿದ್ರೂ ಒಂದು ಮಾತು ಅನ್ಲಿಲ್ವಂತೆ!” ಎಂದು ಕೈ ಕುಲುಕಿದ. ಸುದ್ದಿಗೆ ಕಾಲು ಬಂದಿತ್ತು. ಅಂಗಡಿಯಲ್ಲಿ ಸೊಸೆ ಗುಂಡಿ ಅಕ್ಕನ ಪಕ್ಕ ಇನ್ನೊಂದು ಸ್ಟೂಲು ಹಾಕಿಕೊಂಡು ಕೂತಿದ್ದಳು, ಮಡಿಲಲ್ಲಿ ಯಾರದೋ ಷರಟು, ಬೆರಳಿನಲ್ಲಿ ಸೂಜಿ. ಆರು ವರ್ಷ ನನ್ನ ಎದುರು ನಿಂತು ಕತ್ತರಿ ಹಿಡಿದವಳು. ಕೋಟು ಕತ್ತರಿಸುವುದರಲ್ಲಿ ನನಗಿಂತ ಒಂದು ಕೈ ಮೇಲೆ ಎಂದು ನಾನೇ ಒಳಗೊಳಗೆ ಒಪ್ಪಿಕೊಂಡು, ಬಾಯಿಬಿಟ್ಟು ಒಮ್ಮೆಯೂ ಹೇಳಿರದವಳು.

ಮಗ ನನ್ನನ್ನು ಪಕ್ಕಕ್ಕೆ ಕರೆದ. “ಬಸ್ ಸ್ಟ್ಯಾಂಡ್ ಹತ್ರದ ಅಂಗಡಿಯಲ್ಲಿ ಒಬ್ಬ ಕಟ್ಟರ್ ಇದ್ದಾನೆ. ಸೋಮವಾರ ಬಾ ಅಂದಿದ್ದೀನಿ. ಮೇಜು ಅವನಿಗೆ ಕೊಡೋಣ.”

“ಅವಳು?”

“ಅವಳೇ ಹೇಳಿದ್ದು ಅಪ್ಪಾ. ಇನ್ನು ಕತ್ತರಿ ಮುಟ್ಟಲ್ಲ ಅಂತ. ನಾನೇನೂ ಬಲವಂತ ಮಾಡಿಲ್ಲ.”

ಆಗ ಹೇಳಬಹುದಿತ್ತು. ಅವನ ಕಿವಿ ನನ್ನ ಬಾಯಿಂದ ಒಂದು ಮೊಳ ದೂರದಲ್ಲಿತ್ತು. ಆದರೆ ಯಾರೋ ಗಿರಾಕಿ ಬಂದರು, ಅವನು ಆ ಕಡೆ ಹೋದ. ಗಿರಾಕಿಯನ್ನು ಕಂಡು ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಆ ದಿನವೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಇಸ್ತ್ರಿ ಮೇಜಿನಿಂದ ಕನ್ನಡಿಗೆ, ಕನ್ನಡಿಯಿಂದ ಬಾಗಿಲಿಗೆ. ಮೂರು ಸಲ ಚಹಾ ತರಿಸಿ ಮೂರನ್ನೂ ಆರಲು ಬಿಟ್ಟೆ. ನೀಟಾಗಿದ್ದ ನೂಲಿನ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ, ಮತ್ತೆ ಕೆದರಿದೆ. ಮಧ್ಯಾಹ್ನ ಗುಂಡಿ ಅಕ್ಕ ಊಟಕ್ಕೆ ಎದ್ದಾಗ ಸೊಸೆಯ ಹತ್ತಿರ ಹೋಗಿ ನಿಂತೆ. ಈಗ ಹೇಳುತ್ತೇನೆ, ಮೊದಲ ಪದ ಒಂದು ಹೊರಗೆ ಬಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದುಕೊಂಡೆ.

“ನೋಡಮ್ಮ,” ಎಂದೆ.

ಅವಳು ತಲೆ ಎತ್ತಿದಳು. “ನೀವು ಬೈದುಬಿಟ್ಟಿದ್ರೆ ಚೆನ್ನಾಗಿತ್ತು ಮಾವ. ಬೈದಿದ್ರೆ ನಾನೂ ಎದುರು ಮಾತಾಡ್ತಿದ್ದೆ, ನಾನಲ್ಲ ಅಂತ ವಾದ ಮಾಡ್ತಿದ್ದೆ. ನೀವು ಕ್ಷಮಿಸಿದ ಮೇಲೆ ವಾದ ಮಾಡೋಕೆ ಏನಿದೆ?”

ಬಿಸಿ ತುಪ್ಪ ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. “ಊಟ ಮಾಡು,” ಎಂದು ಹೇಳಿ ಬಂದೆ. ಇಡೀ ಬದುಕಿನಲ್ಲಿ ನಾನು ಆಡಿದ ಅತ್ಯಂತ ಹೇಡಿ ಮಾತು ಅದು.

ಸಂಜೆ ಮನೆಯಲ್ಲಿ ಹೆಂಡತಿ ನನ್ನನ್ನು ಒಂದೇ ನೋಟದಲ್ಲಿ ಅಳೆದಳು. ಅವಳಿಗೆ ಟೇಪು ಬೇಕಾಗಿಲ್ಲ. “ಏನ್ರೀ ಅದು, ಹೊಸ ಚಪ್ಪಲಿ ಕಚ್ಚಿದೋರ ಥರ ಮುಖ?” ಎಂದಳು.

“ಏನಿಲ್ಲ. ಎಲ್ಲರೂ ಹೊಗಳ್ತಿದ್ದಾರೆ.”

“ಹೊಗಳಿದ್ರೆ ನೀವು ಉಬ್ಬೋರು, ಸೊರಗೋರಲ್ಲ. ನಲವತ್ತಮೂರು ವರ್ಷದಿಂದ ನೋಡ್ತಿದ್ದೀನಿ.” ಅವಳು ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. “ಒಂದು ಮಾತು ಹೇಳ್ಲಾ? ಸೊಸೆಯನ್ನ ನೀವು ಅಷ್ಟು ಬೇಗ ಕ್ಷಮಿಸಿದ್ರಿ ಅಂದಾಗ್ಲೇ ನನಗೆ ಅನುಮಾನ. ಉಪ್ಪು ಜಾಸ್ತಿ ಆದ್ರೆ ನನ್ನನ್ನ ಮೂರು ದಿನ ಕ್ಷಮಿಸೋದಿಲ್ಲ ನೀವು.”

ನಾನು ತಲೆನೋವು ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದೆ. ಅವಳು ಮತ್ತೆ ಕೇಳಲಿಲ್ಲ. ಕೇಳದೆ ಇರುವುದೂ ಅವಳಿಗೆ ಗೊತ್ತಿರುವ ಒಂದು ಥರದ ಹೊಡೆತ.

ಶನಿವಾರ ಬೆಳಿಗ್ಗೆ ನಾನು ಎಂದಿಗಿಂತ ಬೇಗ ಅಂಗಡಿಗೆ ಹೋದೆ. ಶಟರು ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋದರೆ ಸೊಸೆ ಒಬ್ಬಳೇ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದಳು. ಮೇಜಿನ ತುಂಬ ಹಳೆಯ ಪೇಪರಿನ ಹಾಳೆಗಳು, ಪ್ರತಿ ಹಾಳೆಯ ಮೇಲೂ ಸೀಮೆಸುಣ್ಣದ ಗೆರೆ. ಒಂದು ಗೆರೆ ಹಳೆಯ ಟೇಪಿನಲ್ಲಿ ಎಳೆಯುತ್ತಿದ್ದಳು, ಪಕ್ಕದಲ್ಲೇ ಇನ್ನೊಂದು ಹೊಸದರಲ್ಲಿ. ಎರಡೂ ಸಮವಿದೆಯೇ ಎಂದು ಬಗ್ಗಿ ನೋಡಿ, ಹಾಳೆಯನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಹಾಳೆ ಎಳೆದುಕೊಳ್ಳುತ್ತಿದ್ದಳು. ನೆಲದ ಮೇಲೂ ಹಾಳೆಗಳಿದ್ದವು. ಯಾವಾಗ ಬಂದಿದ್ದಳೋ ಏನೋ.

“ಏನಮ್ಮ ಇದು?”

ಅವಳು ಬೆಚ್ಚಿ ತಿರುಗಿದಳು. ಕೈಯೆಲ್ಲ ಬಿಳಿ ಪುಡಿ.

“ಎಷ್ಟು ಸಲ ಎಳೆದ್ರೂ ಸರಿಯಾಗೇ ಬರುತ್ತೆ ಮಾವ,” ಎಂದಳು. “ಹಳೇದು ಕೊಟ್ರೆ ಕೈ ತಾನಾಗಿ ಒಂದು ಕೂಡಿಸುತ್ತೆ, ಹೊಸದು ಕೊಟ್ರೆ ಕೂಡಿಸೋದಿಲ್ಲ. ಒಂದು ಸಲಾನೂ ತಪ್ಪಿಲ್ಲ. ಆದ್ರೆ ಅವತ್ತು ತಪ್ಪಿದ್ದೀನಿ. ಇಪ್ಪತ್ತೆರಡು ಕೋಟು ತಪ್ಪಿದ್ದೀನಿ. ಅಂದ್ರೆ ತಪ್ಪು ಮಾಡೋವಾಗ ನನಗೆ ಗೊತ್ತೇ ಆಗಲ್ಲ ಅಂತ ತಾನೆ ಅರ್ಥ? ಇನ್ನು ನನ್ನ ಕೈಯನ್ನ ನಾನು ಹೇಗೆ ನಂಬಲಿ?”

ಅವಳು ಆ ಎರಡು ಬಿಳಿ ಕೈಗಳನ್ನು ಬೇರೆ ಯಾರದೋ ಎಂಬಂತೆ ಮುಂದೆ ಹಿಡಿದು ನೋಡಿಕೊಂಡಳು. ನಾನು ಅವಳಿಂದ ಒಂದು ಹೆಸರು ಕದ್ದಿದ್ದೇನೆ, ಹೆಚ್ಚೆಂದರೆ ಒಂದು ಮೇಜು ಕದ್ದಿದ್ದೇನೆ ಎಂದುಕೊಂಡಿದ್ದೆ. ನಾನು ಕದ್ದದ್ದು ಅವಳ ಕೈಗಳನ್ನು.

ಅಷ್ಟರಲ್ಲಿ ಶಟರು ದಡದಡ ಮೇಲೆದ್ದಿತು. ಮಗ ಬಂದ, ಹಿಂದೆಯೇ ಗುಂಡಿ ಅಕ್ಕ, ಅವಳ ಹಿಂದೆ ಬ್ಯಾಂಡ್ ಮಾಸ್ತರು. ಕೋಟುಗಳನ್ನು ಏನು ಮಾಡುವುದೆಂದು ಮಾತಾಡಲು ಅವರು ಬಂದಿದ್ದರು. ಇನ್ನು ಒಂದು ಉಸಿರು ತಡೆದರೆ ಮತ್ತೆ ಹೇಡಿಯಾಗುತ್ತೇನೆ ಎಂದು ನನಗೆ ಗೊತ್ತಿತ್ತು.

“ಅವಳದು ತಪ್ಪಲ್ಲ,” ಎಂದೆ, ಬೇಕಾದದ್ದಕ್ಕಿಂತ ಜೋರಾಗಿ. “ತಪ್ಪು ನನ್ನದು. ಅಳತೆ ತೆಗೆದ ದಿನ ಹೊಸ ಟೇಪಿನಲ್ಲಿ ಓದಿ, ಅಭ್ಯಾಸಬಲದಿಂದ ಎಲ್ಲದರಲ್ಲೂ ಒಂದು ಕಳೆದು ಕೂಗಿದ್ದೀನಿ. ಅವಳು ಬರೆದದ್ದು ಸರಿ, ಕತ್ತರಿಸಿದ್ದೂ ಸರಿ.”

ಸಿಡಿಲು ಬಡಿಯುತ್ತದೆ ಎಂದು ನಾನು ಕಾದೆ. ಗುಂಡಿ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ನೋಡಿದ್ರಾ, ನೋಡಿದ್ರಾ,” ಎಂದಳು. “ಸೊಸೆ ಕೊರಗೋದು ನೋಡಕ್ಕಾಗದೆ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾರೆ!”

“ಅಯ್ಯೋ ಅದಲ್ಲಕ್ಕ—”

“ಅಪ್ಪಾ, ಬಿಡಿ,” ಎಂದ ಮಗ. “ನನಗೆ ಅರ್ಥ ಆಗುತ್ತೆ. ಅವಳನ್ನ ನಾನೇನೂ ಮನೆಯಿಂದ ಹೊರಗೆ ಹಾಕ್ತಿಲ್ಲವಲ್ಲ.”

“ಲೋ, ನಾನು ನಿಜ ಹೇಳ್ತಿದ್ದೀನಿ ಕಣೋ!”

“ನಿಜ ಹೇಳೋರು ಹೀಗೆ ಹೇಳಲ್ಲ ಮಾಸ್ತರೇ,” ಎಂದರು ಬ್ಯಾಂಡ್ ಮಾಸ್ತರು, ಇನ್ನೇನು ಕೈ ಮುಗಿಯುವವರ ಹಾಗೆ. “ನಿಮ್ಮಂಥ ಹಿರಿಯರು ಮನೆಗೊಬ್ಬರಿದ್ರೆ ಸಾಕು.”

ನನಗೆ ಬಂದ ಸಿಟ್ಟು ಎಂಥದೆಂದರೆ, ಕತ್ತರಿ ಡ್ರಾಯರಿನಲ್ಲಿ ಇಲ್ಲದೇ ಇದ್ದಿದ್ದರೆ ಎಸೆದೇ ಬಿಡುತ್ತಿದ್ದೆ. ಅರವತ್ತಕ್ಕೆ ಅರಳು ಮರಳು ಎಂದು ಎಲ್ಲರ ಮನೆಯ ಮುದುಕರಿಗೂ ಹೇಳುತ್ತಾರೆ. ನನಗೆ ಆಗಿರುವುದೇ ಅದು ಎಂದು ನಾನೇ ಗಂಟಲು ಹರಿದುಕೊಂಡರೂ ನಂಬುವವರಿಲ್ಲ. ನಾನು ಕಟ್ಟಿಕೊಂಡ ದೊಡ್ಡತನ ನನ್ನ ಬಾಯಿಯ ಮೇಲೇ ಕೂತುಬಿಟ್ಟಿತ್ತು.

ಆಗ ಸೊಸೆ ಮೇಜಿನ ಹಿಂದಿನಿಂದ ಬಂದಳು. ಅವಳು ನನ್ನ ಮುಖ ನೋಡಲಿಲ್ಲ. ಹೊಸ ಟೇಪು ತೆಗೆದುಕೊಂಡು ಬ್ಯಾಂಡ್ ಮಾಸ್ತರರ ಎದುರು ನಿಂತು, “ಕೈ ಚಾಚಿ,” ಎಂದಳು. ಭುಜದಿಂದ ಮಣಿಕಟ್ಟಿನವರೆಗೆ ಹಿಡಿದು ಓದಿದಳು. “ಇಪ್ಪತ್ತನಾಲ್ಕು.” ಪುಸ್ತಕ ತೆರೆದಳು. “ಇಪ್ಪತ್ತಮೂರು.” ಕಂಬಿಯಿಂದ ಅವರ ಕೋಟು ಇಳಿಸಿ ತೋಳು ಅಳೆದಳು. “ಇಪ್ಪತ್ತಮೂರು.” ಅವಳ ದನಿ ಸಣ್ಣದಾಗುತ್ತಾ ಬಂತು. “ಪುಸ್ತಕದಲ್ಲಿ ಇದ್ದ ಹಾಗೇ ಇದೆ ಕೋಟು.”

“ನೀನೇ ಕೇಳಿಸ್ಕೊಳ್ಳೋವಾಗ ತಪ್ಪಿ ಬರ್ಕೊಂಡಿರಬಹುದು,” ಎಂದ ಮಗ. ಅವನು ಇನ್ನೂ ನನ್ನನ್ನು ಉಳಿಸುವುದನ್ನು ಬಿಟ್ಟಿರಲಿಲ್ಲ.

“ಇಪ್ಪತ್ತೆರಡು ಜನರದ್ದೂನಾ?” ಎಂದಳು ಅವಳು.

ಬ್ಯಾಂಡ್ ಮಾಸ್ತರರು ಕೆಮ್ಮಿದರು. “ಇಪ್ಪತ್ತಮೂರು ಅಂತ ಕೂಗಿದ್ದು ಹೌದು ಕಣಪ್ಪ. ಹೋದ ಸಲದ ಕೋಟಿನಲ್ಲಿ ಇಪ್ಪತ್ತನಾಲ್ಕು ಇತ್ತಲ್ಲ ಅಂದ್ಕೊಂಡೆ. ಮನೆಗೆ ಹೋಗಿ ಹೆಂಡತಿ ಹತ್ರ ಹೇಳಿದೆ, ವಯಸ್ಸಾಗ್ತಾ ಆಗ್ತಾ ನಾನು ಕುಗ್ತಿದ್ದೀನಿ ಕಣೇ ಅಂತ. ಮಾಸ್ತರು ತಪ್ಪು ಕೂಗ್ತಾರೆ ಅಂತ ಯಾರಿಗೆ ಹೊಳೆಯುತ್ತೆ?”

ಈಗ ಅವರು ನಂಬಿದರು. ನಂಬಿದ್ದು ನನಗೆ ಹೇಗೆ ಗೊತ್ತಾಯಿತೆಂದರೆ, ಅವರೆಲ್ಲರ ಮುಖ ಒಟ್ಟಿಗೆ ಮೆತ್ತಗಾಯಿತು. ಗುಂಡಿ ಅಕ್ಕ ತಾನು ಕೂರುವ ಸ್ಟೂಲನ್ನು ನನ್ನ ಕಡೆ ತಳ್ಳಿ, “ಕೂತ್ಕೊಳ್ಳಿ ಅಣ್ಣ, ನಿಂತೇ ಇದ್ದೀರಲ್ಲ,” ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ನನಗೆ ಕೂತ್ಕೊಳ್ಳಿ ಎಂದದ್ದು ಅದೇ ಮೊದಲು. ಮಗ ನನ್ನ ಭುಜದ ಮೇಲೆ ಕೈ ಇಟ್ಟ, ಸಣ್ಣ ಮಗುವಿನ ಭುಜದ ಮೇಲೆ ಇಡುವ ಹಾಗೆ.

“ಪರವಾಗಿಲ್ಲ ಅಪ್ಪಾ. ವಯಸ್ಸು. ಯಾರಿಗಾದ್ರೂ ಆಗೋದೇ. ಇನ್ನು ನೀವು ಆರಾಮಾಗಿರಿ. ಅಳತೆ ಗಿಳತೆ ಎಲ್ಲ ನಾವು ನೋಡ್ಕೊಳ್ತೀವಿ.”

ಬಂತು. ಮೂರು ದಿನ ಯಾವುದಕ್ಕೆ ಹೆದರಿ ಬಾಯಿಗೆ ಬೀಗ ಹಾಕಿದ್ದೆನೋ ಅದು ಬಂತು. ಇಷ್ಟು ಮೆಲ್ಲಗೆ, ಇಷ್ಟು ಪ್ರೀತಿಯಿಂದ ಬಂತು. ಮುಂದಿನದೂ ಹೇಳಿಬಿಡುತ್ತೇನೆ, ಮುಚ್ಚಿಡುವುದು ಸಾಕಾಗಿದೆ: ಅದು ಬಂದಾಗ ಒಂದು ಕ್ಷಣ ನನಗೆ ಸುಖವೂ ಆಯಿತು. ವಯಸ್ಸು ಎಂಬುದು ಎಷ್ಟು ದೊಡ್ಡ ಕೊಡೆ! ಅದರಡಿ ನಿಂತರೆ ಎಲ್ಲ ತಪ್ಪೂ ಪಕ್ಕಕ್ಕೆ ಜಾರಿ ಹೋಗುತ್ತದೆ. ನಾನು ತಲೆ ಆಡಿಸಿದೆ. “ಹೌದಪ್ಪ, ವಯಸ್ಸಾಯ್ತು,” ಎಂದೆ.

“ವಯಸ್ಸಿನ ಮೇಲೆ ಹಾಕಬೇಡಿ.”

ಹೇಳಿದವಳು ಸೊಸೆ. ಈಗ ಅವಳು ನೇರವಾಗಿ ನನ್ನ ಮುಖ ನೋಡುತ್ತಿದ್ದಳು. ಮೂರು ದಿನದಿಂದ ಬಿಳಿಚಿದ್ದ ಮುಖ ಕೆಂಪಾಗಿತ್ತು.

“ಒಂದು ಕಳೆದದ್ದು ವಯಸ್ಸು ಇರಬಹುದು ಮಾವ. ಅದಕ್ಕೆ ನನಗೆ ಒಂಚೂರೂ ಕೋಪ ಇಲ್ಲ. ಆ ಪರದೆ ಹಿಂದೆ ಹೋಗಿ ಪುಸ್ತಕ ನೋಡಿದ್ರಿ. ನಿಮಗೆ ಅವತ್ತೇ ಗೊತ್ತಾಯ್ತು. ಗೊತ್ತಾದ ಮೇಲೆ ಹೊರಗೆ ಬಂದು, ಎಲ್ಲರ ಎದುರು, ನನ್ನನ್ನ ಕ್ಷಮಿಸಿದ್ರಿ. ಅದು ವಯಸ್ಸಲ್ಲ. ಅದು ನೀವು.”

“ಏಯ್, ದೊಡ್ಡವರ ಹತ್ರ ಹೀಗಾ ಮಾತಾಡೋದು?” ಎಂದು ಮಗ ಗದರಿದ. “ಒಪ್ಕೊಂಡ್ರಲ್ಲ, ಇನ್ನೇನು?”

“ನೀನು ಸುಮ್ನಿರು,” ಎಂದೆ ನಾನು ಅವನಿಗೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಅವಳು ಹೇಳಿದ್ದೇ ಸರಿ. ಅದು ನಾನೇ ಕಣಮ್ಮ. ಮರೆವಲ್ಲ, ಮಂಪರಲ್ಲ, ಪೂರ್ತಿ ಎಚ್ಚರದಲ್ಲೇ ಮಾಡಿದ್ದು. ನಿನ್ನನ್ನ ಕ್ಷಮೆ ಕೇಳ್ತೀನಿ.”

“ನನಗೆ ಅಷ್ಟು ಬೇಗ ಬರೋದಿಲ್ಲ ಅದು,” ಎಂದಳು. “ನಿಮ್ಮ ಥರ.”

ಗುಂಡಿ ಅಕ್ಕ ನೆಲ ನೋಡುತ್ತಿದ್ದಳು. ಸೊಸೆ ಡ್ರಾಯರು ಎಳೆದು ಕತ್ತರಿ ಹೊರಗೆ ತೆಗೆದಳು, ಎರಡು ಸಲ ಗಾಳಿಯಲ್ಲಿ ಆಡಿಸಿ ನೋಡಿದಳು. ಆಮೇಲೆ ಬ್ಯಾಂಡ್ ಮಾಸ್ತರರ ಕೋಟನ್ನು ಮೇಜಿನ ಮೇಲೆ ಹರಡಿ, ನನ್ನ ಜೊತೆಗಲ್ಲ, ಅವರ ಜೊತೆ ಮಾತಾಡಿದಳು. “ಎರಡೂ ಪಕ್ಕದ ಹೊ‍ಲಿಗೆ ಬಿಚ್ಚಿ, ಮಧ್ಯೆ ಕೆಂಪು ಪಟ್ಟಿ ಕೊಟ್ರೆ ಒಂದು ಇಂಚು ಸಿಗುತ್ತೆ. ತೋಳಿನ ತುದೀಲೂ ಅದೇ ಕೆಂಪು ಬಟ್ಟೆ ಕೂಡಿಸೋಣ. ಬೇಕು ಅಂತಲೇ ಮಾಡಿಸಿದ ಹಾಗೆ ಕಾಣುತ್ತೆ. ಒಪ್ಪಿಗೇನಾ?”

ಅವರು ಕೋಟನ್ನೂ ಅವಳನ್ನೂ ನೋಡಿ, “ಬ್ಯಾಂಡಿಗೆ ಕೆಂಪು ಜಾಸ್ತಿಯಾದ್ರೆ ಯಾರೂ ಬೇಡ ಅನ್ನಲ್ಲಮ್ಮ,” ಎಂದರು.

“ಸೋಮವಾರ ಆ ಕಟ್ಟರ್ ಬರೋದು ಬೇಡ ಅಂತ ಫೋನ್ ಮಾಡು,” ಎಂದೆ ಮಗನಿಗೆ. ಅವನು ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಸೀಮೆಸುಣ್ಣ ಹಿಡಿದು ಬಗ್ಗಿದ್ದಳು. ಅವನು ಫೋನು ತೆಗೆದುಕೊಂಡು ಬಾಗಿಲ ಆಚೆ ಹೋದ.

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಮನೆಗೆ ಹೋದರೆ ಹೆಂಡತಿಗೆ ಎಲ್ಲ ಹೇಳಬೇಕು. ಇಲ್ಲಿ ನಿಂತರೆ ಎಲ್ಲರಿಗೂ ಅಡ್ಡ. ಗುಂಡಿ ಅಕ್ಕನ ಸ್ಟೂಲು ಇನ್ನೂ ನನ್ನ ಪಕ್ಕದಲ್ಲೇ ಇತ್ತು, ಅದರ ಮೇಲೆ ಕೂರಲು ಮನಸ್ಸಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸೊಸೆ ಒಂದು ಮಾತೂ ಆಡದೆ ಕಂಬಿಯಿಂದ ಆರು ಕೋಟು ಇಳಿಸಿ ತಂದು ನನ್ನ ತೋಳಿನ ಮೇಲೆ ಹೇರಿದಳು. ಮೇಲೊಂದು ಸಣ್ಣ ಬ್ಲೇಡು ಇಟ್ಟಳು. ಹೊಲಿಗೆ ಬಿಚ್ಚುವ ಕೆಲಸ. ಅಂಗಡಿಗೆ ಸೇರಿದ ಮೊದಲ ವರ್ಷ ಯಾರಿಗಾದರೂ ಕೊಡುವ ಕೆಲಸ. ನಾನು ಮೇಜಿನ ಇನ್ನೊಂದು ತುದಿಯಲ್ಲಿ ನಿಂತು ಶುರು ಮಾಡಿದೆ. ಕಣ್ಣು ಮಂಜಾಗಿತ್ತು, ಅದು ವಯಸ್ಸಿನಿಂದಲ್ಲ. ಮೊದಲ ತೋಳು ಮುಗಿಯುವಷ್ಟರಲ್ಲಿ ಅವಳು ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಎಳೀಬೇಡಿ. ಬಟ್ಟೆ ಸೀಳುತ್ತೆ. ಒಂದೊಂದೇ ಹೊಲಿಗೆ ಕುಯ್ದು ತೆಗೀರಿ,” ಎಂದಳು, ಗಡುಸಾಗಿ.

“ಆಯ್ತಮ್ಮ.”

ಮಿಕ್ಕವರೆಲ್ಲ ನನ್ನನ್ನು ಆಗಲೇ ಮನ್ನಿಸಿಬಿಟ್ಟಿದ್ದರು. ಮನ್ನಿಸಿ, ಪಕ್ಕಕ್ಕೆ ಎತ್ತಿಟ್ಟಿದ್ದರು. ಅವಳೊಬ್ಬಳು ಮನ್ನಿಸಿರಲಿಲ್ಲ. ಆ ಅಂಗಡಿಯಲ್ಲಿ ನನ್ನನ್ನು ಇನ್ನೂ ಒಬ್ಬ ಮನುಷ್ಯ ಎಂದು ಲೆಕ್ಕಕ್ಕೆ ಇಟ್ಟುಕೊಂಡವಳೂ ಅವಳೊಬ್ಬಳೇ. ಅವಳು ಇನ್ನು ಎಷ್ಟು ದಿನ ನನ್ನ ಮೇಲೆ ಮುನಿಸಿಕೊಂಡಿರುತ್ತಾಳೋ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ನಾನು ಎರಡನೆಯ ತೋಳನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಹೊಲಿಗೆ ಕುಯ್ಯತೊಡಗಿದೆ.